ಅಮೆರಿಕದ ಹುಡುಗಿಗೆ ಸೂಗಮ್ಮ ಹೊತ್ತ ಹರಕೆ

ಮುಕ್ತಾಬಾಯಿಗೆ ಸುಮ್ಮನೆ ಕೂಡುವುದು ಗೊತ್ತಿರಲಿಲ್ಲ. ಸುಮ್ಮನೆ ಕೂತವರನ್ನು ಕಂಡರೆ ಆಗುತ್ತಲೂ ಇರಲಿಲ್ಲ. ಗಂಡ ವಾಸುದೇವರಾಯರು ಅಂಚೆ ಕಚೇರಿಯಿಂದ ಬಂದು, ಕಲಬುರಗಿಯ ಸೇಡಂ ರಸ್ತೆಯ ಮನೆಯ ಕಟ್ಟೆಯ ಮೇಲೆ ಐದು ನಿಮಿಷ ಕಾಲು ಚಾಚಿದರೆ ಸಾಕು, ಸುಲಿಯಲು ತೊಗರಿಕಾಯಿಯ ಬುಟ್ಟಿ ಅವರ ತೊಡೆಯ ಮೇಲೆ ಬಂದು ಕೂಡುತ್ತಿತ್ತು. ಪಾಪದ ಮನುಷ್ಯ, ಪೇಪರನ್ನು ಕಚೇರಿಯಲ್ಲೇ ಓದಿ ಮುಗಿಸಿ ಬರುವುದನ್ನು ರೂಢಿ ಮಾಡಿಕೊಂಡಿದ್ದರು.

ಇಂಥ ಹೆಂಗಸಿಗೆ ೧೯೮೬ರಲ್ಲಿ ಕಮಲಾಪುರದ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಹೋಗಲು ಒಂಬತ್ತರ ಬಸ್ಸು, ಬರಲು ನಾಲ್ಕರ ಬಸ್ಸು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಉದ್ದನೆಯ ಖೋಲಿ, ನಾಲ್ಕು ಮಷೀನು, ಕಲಿಯುವವರು ಹನ್ನೊಂದು ಜನ. ನಾಲ್ಕರಲ್ಲಿ ಒಂದು ಮಷೀನು ಯಾವಾಗಲೂ ರಜೆಯ ಮೇಲಿರುತ್ತಿತ್ತು. ಗುರುವಾರ ಎಲ್ಲ ಮಷೀನಿಗೂ ರಜೆ. ಅವತ್ತು ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಚಿ ಹೊಲಿಯುವುದು, ಎಲ್ಲ ಕೈಕೆಲಸ. ಹನ್ನೊಂದು ಜನರ ಕೈಗೆ ಕೆಲಸವಿದೆ, ಇಪ್ಪತ್ತೆರಡು ಕಿವಿಗಳು ಮಾತ್ರ ಸುಮ್ಮನೆ ಕೂತಿವೆ. ಇದನ್ನು ಮುಕ್ತಾಬಾಯಿ ಹೇಗೆ ತಡೆದಾರು? ಎರಡನೆಯ ಗುರುವಾರವೇ ಚೀಲದಲ್ಲಿ ಪುಸ್ತಕ ಇಟ್ಟುಕೊಂಡು ಬಂದರು.

ಅದು ಅವರ ಅಪ್ಪ ಹೈದರಾಬಾದಿನ ಹಳೆ ಪುಸ್ತಕದ ಅಂಗಡಿಯಲ್ಲಿ ಕೊಂಡಿದ್ದ ಇಂಗ್ಲಿಷ್ ಕಾದಂಬರಿ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಒಬ್ಬ ಹೆಣ್ಣುಮಗಳು ಬರೆದದ್ದು. ಅಪ್ಪ ಯುದ್ಧಕ್ಕೆ ಹೋಗಿದ್ದಾನೆ, ಮನೆಯಲ್ಲಿ ತಾಯಿ ಮತ್ತು ನಾಲ್ಕು ಹೆಣ್ಣುಮಕ್ಕಳು. ಅವರ ಜಗಳ, ರಾಜಿ, ಹಬ್ಬ, ಜ್ವರ, ಮದುವೆ. ಕಥೆ ಇಷ್ಟೇ. ತವರಿನಲ್ಲಿ ಅಧಿಕ ಮಾಸ ಬಂದಾಗ ಪುರಾಣದ ಪೋಥಿ ಓದುತ್ತಿದ್ದ ಧಾಟಿಯಲ್ಲೇ ಮುಕ್ತಾಬಾಯಿ ಇದನ್ನೂ ಓದಿದರು. ಎರಡು ಸಾಲು ಕಣ್ಣಲ್ಲೇ ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ತಲೆಯೆತ್ತಿ ಎಲ್ಲರ ಮುಖ ನೋಡುವುದು, ಮತ್ತೆ ಎರಡು ಸಾಲು. ಅಲ್ಲಿಯ ಹೆಸರುಗಳು ಯಾರ ನಾಲಿಗೆಗೂ ಹೊರಳದ್ದರಿಂದ ಕ್ಲಾಸೇ ನಾಮಕರಣ ಮಾಡಿತು: ದೊಡ್ಡಾಕಿ, ಗಂಡುಬೀರಿ, ಮೆತ್ತನಾಕಿ, ಸಣ್ಣಾಕಿ.

೨೦೦೩ರಲ್ಲಿ ಕ್ಲಾಸು ಮುಚ್ಚುವ ತನಕ ಆ ಪುಸ್ತಕ ಆರು ಸಲ ಓದಿಸಿಕೊಂಡಿತು. ರಟ್ಟು ಕಿತ್ತುಹೋಗಿ, ಕೊನೆಗೆ ಲೈನಿಂಗ್ ಬಟ್ಟೆಯ ಅಂಗಿ ತೊಟ್ಟಿತು. ಇಲ್ಲಿ ಹೇಳಹೊರಟದ್ದು ಮೊದಲ ಸಲದ್ದು.

ಮೂರು ಗುರುವಾರದೊಳಗೆ ಆ ಮನೆ ಕಮಲಾಪುರದ ಓಣಿಗೇ ಬಂದುಬಿಟ್ಟಿತು. “ನಾವೂ ಅಕ್ಕತಂಗೇರು ಹಿಂಗೇ ಕಡದಾಡ್ತಿದ್ದಿವ್ರಿ. ನಮ್ಮ ಮನ್ಯಾಗಿನ ಮಾತು ಇದನ್ನ ಬರದಾಕಿಗಿ ಯಾರ ಹೇಳಿದ್ರಿ?” ಎಂದು ಕ್ಲಾಸಿನ ಬಂಡೆಮ್ಮ ಕೇಳಿದಳು. ಹದಿನೇಳರ ಅಮೀನಾ ಗಂಡುಬೀರಿಯ ಪಕ್ಷ. ಅವಳ ಬಗ್ಗೆ ಯಾರಾದರೂ ಚಕಾರ ಎತ್ತಿದರೆ ಸೂಜಿ ಹಿಡಿದೇ ಎದ್ದು ನಿಲ್ಲುತ್ತಿದ್ದಳು.

ಮೆತ್ತನಾಕಿಯನ್ನು ಹಿಡಿದುಕೊಂಡವಳು ಸೂಗಮ್ಮ. ಕೆಂಪು ಬಾಳೆಯ ತೋಟದ ಮನೆಯವಳು, ಮೂವತ್ತೈದರ ಆಸುಪಾಸು, ಮಾತು ಕಡಿಮೆ. ನಾಲ್ಕು ವರ್ಷದ ಹಿಂದೆ ಅವಳ ಹಿರಿಮಗಳು ಒಂಬತ್ತು ವರ್ಷದವಳು ಕಾಮಾಲೆಯಾಗಿ ತೀರಿಕೊಂಡಿದ್ದಳು. ಉಳಿದೆರಡು ಮಕ್ಕಳ ಮುಖ ನೋಡು ಎಂದು ಹೇಳಿ ಹೇಳಿ ಮನೆಯವರೆಲ್ಲ ಅವಳ ಬಾಯಿ ಮುಚ್ಚಿಸಿದ್ದರಂತೆ. ಸತ್ತವಳ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲವಂತೆ. ಇದನ್ನು ಬಂಡೆಮ್ಮ ಪಿಸುಮಾತಿನಲ್ಲಿ ಹೇಳಿದ್ದಳು.

ಒಂದು ಗುರುವಾರ ಕಥೆಯಲ್ಲಿ ಮೆತ್ತನಾಕಿಗೆ ಜ್ವರ ಬಂತು. ಡಾಕ್ಟರು ತಲೆಯಾಡಿಸುವ ಹೊತ್ತಿಗೆ ಸರಿಯಾಗಿ ನಾಲ್ಕರ ಬಸ್ಸೂ ಬಂತು. ಮುಕ್ತಾಬಾಯಿ ಪುಸ್ತಕ ಮುಚ್ಚಿ ಓಡಿದರು. ಆ ವಾರ ಹೊಲಿದ ಶಾಲೆಯ ಅಂಗಿಗಳಲ್ಲಿ ಗುಂಡಿ ಒಂದು ದಿಕ್ಕಿಗೆ, ಕಾಜಾ ಇನ್ನೊಂದು ದಿಕ್ಕಿಗೆ. ಮುಂದಿನ ಗುರುವಾರ ಸೂಗಮ್ಮ ಬಾಗಿಲಲ್ಲೇ ಕಾದಿದ್ದಳು.

“ಬಾಯಾರ, ಶರಣಬಸಪ್ಪಗ ಬೇಡ್ಕೊಂಡೀನ್ರಿ. ಆಕಿ ಎದ್ದು ಕುಂತ್ರ ಐದು ಕಾಯಿ ಒಡಸ್ತೀನಿ.”

ಯಾರೂ ನಗಲಿಲ್ಲ. ಅಚ್ಚಾಗಿ ನೂರು ವರ್ಷವಾದ ಜ್ವರಕ್ಕೆ ಈಗ ಹರಕೆ ಹೊತ್ತರೆ ಏನು ಬಂತು ಎಂಬ ಮಾತು ಮುಕ್ತಾಬಾಯಿಯ ತುದಿನಾಲಿಗೆಗೆ ಬಂದಿತ್ತು. ಸೂಗಮ್ಮನ ಮುಖ ನೋಡಿ ನುಂಗಿಕೊಂಡರು. ಪುಣ್ಯಕ್ಕೆ ಅವತ್ತಿನ ಪುಟಗಳಲ್ಲಿ ಹುಡುಗಿ ಬದುಕಿಕೊಂಡಳು. ಸೂಗಮ್ಮ ಬಸ್ಸು ಹತ್ತಿ ಕಲಬುರಗಿಗೆ ಹೋಗಿ, ಗುಡಿಯಲ್ಲಿ ಐದು ಕಾಯಿ ಒಡೆಸಿ ಬಂದಳು. ಕ್ಲಾಸಿಗೆಲ್ಲ ಕೊಬ್ಬರಿ ಸಕ್ಕರೆ.

ಮುಕ್ತಾಬಾಯಿ ಮಾತ್ರ ತಮ್ಮ ಪಾಲಿನ ಕೊಬ್ಬರಿಯನ್ನು ಪೊಟ್ಟಣ ಕಟ್ಟಿ ಚೀಲಕ್ಕೆ ಹಾಕಿಕೊಂಡರು. ಪುಸ್ತಕದ ಉಳಿದರ್ಧದಲ್ಲಿ ಆ ಹುಡುಗಿ ಸಾಯುತ್ತಾಳೆಂಬುದು ಅವರೊಬ್ಬರಿಗೇ ಗೊತ್ತು. ಹರಕೆ ತೀರಿಸಿ ಬಂದ ಈ ತಾಯಿಗೆ ಅದನ್ನು ಯಾವ ಬಾಯಿಂದ ಓದಿ ಹೇಳುವುದು? ರಾತ್ರಿ ಊಟಕ್ಕೆ ಕೂತಾಗ ಗಂಡನ ಮುಂದೆ ತೋಡಿಕೊಂಡರು.

“ನೀ ಹೇಳೋದು ಕನ್ನಡದಾಗ,” ಎಂದರು ವಾಸುದೇವರಾಯರು. “ಅಲ್ಲಿ ಸಾಯಲಿ, ಇಲ್ಲಿ ಬದುಕಿಸಿಬಿಡು. ಅಮೆರಿಕಾದವರು ಬಂದು ಕೇಳ್ತಾರೇನು?”

“ಪೋಥಿ ಓದೋರು ಪೋಥಿ ತಿದ್ದಬಾರದ್ರಿ.”

ತಿದ್ದಬಾರದು, ಸರಿ; ಅರ್ಧಕ್ಕೆ ಬಿಡಬಾರದೆಂದು ಯಾರೂ ಹೇಳಿಲ್ಲವಲ್ಲ! ದೊಡ್ಡ ಸುಳ್ಳು ಬೇಡವೆಂದು ಮುಕ್ತಾಬಾಯಿ ಸಣ್ಣ ಸುಳ್ಳನ್ನು ಆರಿಸಿಕೊಂಡರು. ಅಪ್ಪ ಯುದ್ಧದಿಂದ ಮನೆಗೆ ಬಂದ ಕಡೆ ನಿಲ್ಲಿಸಿ, ಕಥೆ ಮುಗಿಯಿತು, ಬರುವ ಗುರುವಾರ ಮಂಗಳ ಎಂದು ಸಾರಿದರು. ಪೋಥಿ ಮುಗಿದಾಗ ಮಾಡುವ ಹಾಗೆ ಪುಸ್ತಕಕ್ಕೆ ಅರಿಶಿನ ಕುಂಕುಮ ಏರಿಸಿದ್ದಾಯಿತು. ಬಂಡೆಮ್ಮ ಸಿಹಿ ಮಾದಲಿ ತಂದಳು, ಅಮೀನಾ ಮಲ್ಲಿಗೆ ದಂಡೆ ತಂದಳು. ಎಲ್ಲರೂ ತಿಂದು, ಕೈ ತೊಳೆದು, ಹೊಟ್ಟೆ ತಣ್ಣಗಾಗಿ ಮನೆಗೆ ಹೋದರು.

ಸೂಗಮ್ಮ ಹೋಗಲಿಲ್ಲ. ಅವಳಿಗೆ ಓದು ಬರಹ ಬಾರದು. ಆದರೆ ಐದು ತಿಂಗಳಿಂದ ಥಾನುಗಟ್ಟಲೆ ಬಟ್ಟೆ ಅಳೆದ ಕಣ್ಣು ಅವು. ಪುಸ್ತಕದ ನಡುವೆ ಸಿಕ್ಕಿಸಿದ್ದ ದಾರವನ್ನು ನೋಡಿ, ಆಚೀಚೆಯ ದಪ್ಪವನ್ನು ಬೆರಳಲ್ಲಿ ಹಿಡಿದು ನೋಡಿದಳು.

“ಬಾಯಾರ, ಇನ್ನ ಅರ್ಧಾ ಥಾನು ಉಳದದಲ್ರಿ.”

ಮುಕ್ತಾಬಾಯಿ ಟೇಪು ಸುತ್ತಿದರು, ಕತ್ತರಿ ಎತ್ತಿಟ್ಟರು, ಅದನ್ನೇ ಮತ್ತೆ ಇಳಿಸಿಟ್ಟರು. ಸುಳ್ಳು ಹೇಳಿ ರೂಢಿ ಇಲ್ಲದವರ ಪಾಡೇ ಹೀಗೆ.

“ಆಕಿ ಹೋಗ್ತಾಳ, ಹೌದಿಲ್ರಿ?” ಎಂದಳು ಸೂಗಮ್ಮ.

“ಹೌದವ್ವಾ. ಹೋಗ್ತಾಳ. ನಿನ್ನ ಮುಂದ ಹೆಂಗ ಓದಬೇಕಂತ ತಿಳೀಲಿಲ್ಲ ನನಗ.”

ಸೂಗಮ್ಮ ಸ್ವಲ್ಪ ಹೊತ್ತು ಕೆಳಗೆ ಬಿದ್ದಿದ್ದ ಬಟ್ಟೆ ತುಂಡುಗಳನ್ನು ಆರಿಸಿ ಒಟ್ಟಿದಳು. ಆಮೇಲೆ ಚಾಪೆಯ ಮೇಲೆ ಕೂತಳು. “ಓದ್ರಿ. ಅವರವ್ವ ಹೆಂಗ ತಡಕೊಂಡಳು ಅಂತ ನಾ ಕೇಳಬೇಕು.”

ಮುಕ್ತಾಬಾಯಿ ಬಸ್ಸಿನ ಗೊಡವೆ ಬಿಟ್ಟು, ಪುಟ ಹುಡುಕಿ ತೆಗೆದು ಓದಿದರು. ಮೆತ್ತನಾಕಿ ಒಂದು ಬೆಳಗಿನ ಜಾವ, ಯಾರಿಗೂ ತೊಂದರೆ ಕೊಡದೆ, ತಾಯಿಯ ತೋಳಿನಲ್ಲೇ ಉಸಿರು ಬಿಟ್ಟಳು. ಈ ಜಾಗವನ್ನು ಅವರು ಯಾವತ್ತೂ ಬಾಯಿಬಿಟ್ಟು ಓದಿರಲಿಲ್ಲ. ಪೋಥಿಯನ್ನು ಸಾವಿನ ಕಡೆ ನಿಲ್ಲಿಸಬಾರದು, ಒಂದು ಶುಭದ ಸಾಲಾದರೂ ಓದಿಯೇ ಮುಚ್ಚಬೇಕೆಂಬುದು ತವರಿನ ನೇಮ. ಗಡಿಬಿಡಿಯಿಂದ ಪುಟ ತಿರುವಿ ಅಂಥ ಸಾಲಿಗಾಗಿ ಹುಡುಕತೊಡಗಿದರು. ಸೂಗಮ್ಮ ಪುಟದ ಮೇಲೆ ಕೈಯಿಟ್ಟಳು.

“ಇಲ್ಲೇ ನಿಂದರ್ಸ್ರಿ, ಬಾಯಾರ. ಎಲ್ಲಾರೂ ನನಗ ಮುಂದ ನಡಿ, ಮುಂದ ನಡಿ ಅಂತಾರ.”

ಮುಕ್ತಾಬಾಯಿ ನಿಲ್ಲಿಸಿದರು.

“ಈ ಹುಡುಗಿ ಭಾಳ ಶ್ಯಾಣೇದು ಅದ. ನಮ್ಮ ಚಂದಮ್ಮ ಹಿಂಗ ಸುಮ್ನ ಹೋಗಲಿಲ್ರಿ,” ಎಂದಳು ಸೂಗಮ್ಮ. ಹೆಸರು ಬಾಯಿಂದ ಬಿದ್ದೊಡನೆ ಅವಳೇ ಬೆಚ್ಚಿದಳು. ಆಮೇಲೆ ಕಟ್ಟೆಯೊಡೆದಂತೆ ಮಾತು ಬಂತು. “ಔಷಧ ಉಗುಳಿ, ಡಾಕ್ಟರಗ ಬೈದು, ನನಗ ಬೈದು, ಜಗಳಾಡ್ಕೋತೇ ಹೋದ್ಳು. ಅಂಚಿಗಿ ಎರಡು ಸಾಲು ಝಾಲರ ಇದ್ದ ಲಂಗ ಬೇಕಂತ ಹಟ. ನಾಳಿಗಿ ತರ್ತೀನಿ ಅಂದಿದ್ನಿ.” ಹೇಳುತ್ತ ನಕ್ಕಳು, ನಗುತ್ತಲೇ ಅತ್ತಳು. ಮುಕ್ತಾಬಾಯಿ ಸಮಾಧಾನ ಹೇಳಲಿಲ್ಲ. ಬದುಕಿನಲ್ಲಿ ಮೊದಲ ಸಲ ಕೈಯಲ್ಲಿ ಏನೂ ಕೆಲಸವಿಲ್ಲದೆ ಸುಮ್ಮನೆ ಕೂತು ಕೇಳಿದರು. ಬಹಳ ಹೊತ್ತಾದ ಮೇಲೆ, ಹೊಲಿಗೆಯವರು ಯಾರಾದರೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

“ಎಷ್ಟು ಎತ್ತರ ಇದ್ದಳು?”

ಸೂಗಮ್ಮ ಎದ್ದು ನಿಂತಳು. ಸೊಂಟದಿಂದ ಒಂದು ಗೇಣು ಮೇಲೆ ಅಂಗೈ ಚಾಚಿ ತೋರಿಸಿದಳು. “ಇಷ್ಟು ಇದ್ದಳ್ರಿ,” ಎಂದಳು. ಏನೋ ಲೆಕ್ಕ ಹಾಕಿದವಳಂತೆ ತಡೆದಳು. ಆಮೇಲೆ ಅದೇ ಅಂಗೈಯನ್ನು ಮೆಲ್ಲಗೆ ತನ್ನ ಭುಜದ ತನಕ ಎತ್ತಿದಳು.

“ಈಗ ಇಷ್ಟು ಆಗಿರ್ತಿದ್ದಳು.”