ಹಂಡೆಯಲ್ಲಿ ಕಳೆದುಹೋಗುತ್ತಿದ್ದ ಗ್ಯಾಲನ್

ಮೊದಲೇ ಹೇಳಿಬಿಡುತ್ತೇನೆ, ಬಿಯರ್ ಮಾಡುವುದರಲ್ಲಿ ನನ್ನ ಗಂಡನಿಗಿಂತ ನಾನೇ ಗಟ್ಟಿಗಿತ್ತಿ. ಈಗ ಅವರೂ ಒಪ್ಪುತ್ತಾರೆ. ಆಗ ಒಪ್ಪುತ್ತಿರಲಿಲ್ಲ.

ತೊಂಬತ್ತರ ದಶಕದ ಮಾತು. ವರ್ಜೀನಿಯಾದ ಸ್ಟರ್ಲಿಂಗಿನಲ್ಲಿ ಒಂದು ಟೌನ್‌ಹೌಸಿನಲ್ಲಿದ್ದೆವು. ಮೈಸೂರಿನ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹುಡುಗರಿಗೆ ಅಳತೆ ಕಲಿಸುತ್ತಿದ್ದ ನನಗೆ ಇಲ್ಲಿ ಕೆಲಸ ಮಾಡಲು ವೀಸಾ ಬಿಡುತ್ತಿರಲಿಲ್ಲ. ಗಂಡ ಆಫೀಸಿನ ಸಹೋದ್ಯೋಗಿಯೊಬ್ಬನಿಂದ ಮನೆಯಲ್ಲೇ ಬಿಯರ್ ಮಾಡುವುದನ್ನು ಕಲಿತು ಬಂದರು. ಎಂಟು ಗ್ಯಾಲನ್, ಅಂದರೆ ಸುಮಾರು ಮೂವತ್ತು ಲೀಟರ್, ಹಿಡಿಯುವ ಸ್ಟೀಲ್ ಹಂಡೆಯೂ ಮನೆಗೆ ಬಂತು. ಅದನ್ನು ತೊಳೆಯುವ ಕೆಲಸ ಮಾತ್ರ ನನ್ನದು.

ಕೆಲಸ ಕಷ್ಟದ್ದೇನಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಬಿಸಿನೀರಿನಲ್ಲಿ ನೆನೆಸಿ, ಅದರ ಸಿಹಿ ನೀರನ್ನು ಬಸಿದುಕೊಳ್ಳಬೇಕು. ಆ ನೀರಿಗೆ ವರ್ಟ್ ಎನ್ನುತ್ತಾರೆ. ಹಾಪ್ಸ್ ಎಂಬ ಕಹಿ ಹೂ ಹಾಕಿ ಅದನ್ನು ಒಂದು ಗಂಟೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಹುದುಗಲು ಬಿಡಬೇಕು. ಕೊನೆಗೆ ಕೆಗ್ ಎನ್ನುವ ಐದು ಗ್ಯಾಲನ್ ಪೀಪಾಯಿಗೆ ತುಂಬಬೇಕು. ಈ ಐದು ಗ್ಯಾಲನ್ ಅನ್ನುವುದೇ ನಮ್ಮ ಮನೆಯ ಜಗಳಕ್ಕೆ ಮೂಲ. ಗಂಡ ಆರು ಗ್ಯಾಲನ್ ನೀರಿನಿಂದ ಶುರುಮಾಡಿದರೂ ಕೊನೆಗೆ ಸಿಗುತ್ತಿದ್ದದ್ದು ಮೂರೂವರೆ.

ಆಗ ಅವರು ಏನು ಮಾಡುತ್ತಿದ್ದರು ಗೊತ್ತೇ? ಊಟದ ಹೊತ್ತಿಗೆ ನೆಂಟರು ಬಂದಿಳಿದರೆ ಸಾರಿಗೆ ನೀರು ಬೆರೆಸುತ್ತಾರಲ್ಲ, ಹಾಗೆ ನಲ್ಲಿ ನೀರು ಬೆರೆಸಿ ಐದು ಮಾಡುತ್ತಿದ್ದರು. ನಾನು ಬಿಯರ್ ಕುಡಿಯುವವಳಲ್ಲ. ಆದರೂ ಯೀಸ್ಟ್ ಹಾಕುವ ಮುಂಚೆ ಆ ಸಿಹಿ ನೀರಿನ ರುಚಿ ನೋಡುತ್ತಿದ್ದೆ. ಬೆಲ್ಲದ ಪಾತ್ರೆ ತೊಳೆದ ನೀರಿನಂತಿರುತ್ತಿತ್ತು. ಬಂದವರೆಲ್ಲ ಮರ್ಯಾದೆಗೆ ಅರ್ಧ ಗ್ಲಾಸ್ ಕುಡಿದು ಕೆಳಗಿಡುತ್ತಿದ್ದರು.

ಒಂದು ಭಾನುವಾರ ಊಟಕ್ಕೆ ಬಂದ ಕನ್ನಡದ ಗೆಳೆಯರ ಮುಂದೆ ಇವರು, "ಏನ್ ಮಾಡೋದು, ಬಾಯ್ಲ್ ಮಾಡಿದ್ರೆ ನೀರು ಕಮ್ಮಿ ಆಗತ್ತೆ. ಎಷ್ಟು ಕಮ್ಮಿ ಆಗತ್ತೆ ಅಂತ ಯಾರಿಗೂ ಹೇಳಕ್ಕಾಗಲ್ಲ" ಎಂದರು.

ನನಗೆ ರೇಗಿತು. "ಅಳತೆ ಮಾಡ್ದೆ ಇದ್ರೆ ಹೇಗ್ರೀ ಗೊತ್ತಾಗತ್ತೆ? ನಾನು ಮಾಡಿದ್ರೆ ಐದು ಗ್ಯಾಲನ್‌ಗೆ ಒಂದು ಲೋಟನೂ ಕಮ್ಮಿ ಆಗಲ್ಲ. ಒಂದು ತೊಟ್ಟು ನಲ್ಲಿ ನೀರೂ ಹಾಕಲ್ಲ" ಎಂದುಬಿಟ್ಟೆ. ಎಲ್ಲರೂ ನಕ್ಕರು. ಗಂಡನೂ ನಕ್ಕಿದ್ದು ನನಗೆ ಚುರುಕ್ಕೆಂದಿತು.

ಅದಾಗಿ ಸ್ವಲ್ಪ ದಿನಕ್ಕೆ ಹತ್ತಿರದ ಸೆಂಟರ್‌ವಿಲ್‌ನಲ್ಲಿದ್ದ ಬಿಯರ್ ಮಾಡುವವರ ಗುಂಪಿನ ಹಿರಿಯರೊಬ್ಬರು ಬೇಸಿಗೆಯ ಪಿಕ್‌ನಿಕ್‌ಗೆ ಒಂದು ತುಂಬಿದ ಕೆಗ್ ತರುವಂತೆ ಇವರಿಗೆ ಹೇಳಿದರು. ಇವರು ಹೂಂ ಎಂದರು. ಹೂಂ ಎಂದ ಮೇಲೆ ಆಫೀಸಿನವರು ಇವರನ್ನು ಎರಡು ವಾರ ಶಾರ್ಲೆಟ್ ಎಂಬ ಊರಿಗೆ ಕೆಲಸದ ಮೇಲೆ ಕಳಿಸಿದರು.

"ಆಗಲ್ಲ ಅಂತ ಫೋನ್ ಮಾಡಿ ಹೇಳ್ಬಿಡ್ತೀನಿ" ಎಂದು ಸೂಟ್‌ಕೇಸ್ ಮುಚ್ಚುತ್ತ ಹೇಳಿದರು.

"ಬೇಡ. ನಾನು ಮಾಡ್ತೀನಿ."

"ಹಟ ಮಾಡ್ಬೇಡ ಕಣೇ. ಎಲ್ಲರ ಮುಂದೆ ಮಾನ ಹೋಗತ್ತೆ."

"ಹೋದ್ರೆ ನಂದು ಹೋಗತ್ತೆ ಬಿಡಿ" ಎಂದೆ. ಕೆಗ್ ತುಂಬದಿದ್ದರೆ ಆ ಭಾನುವಾರದ ನಗು ಜೀವಮಾನವಿಡೀ ನನ್ನ ಬೆನ್ನು ಬಿಡುತ್ತಿರಲಿಲ್ಲ.

ಅವರು ಹೋದ ಮರುದಿನವೇ ಊರಿಂದ ತಂದಿದ್ದ ಮುದ್ದೆ ಕೋಲನ್ನು ಹೊರತೆಗೆದೆ. ಹಾಲಿನ ಒಂದು ಗ್ಯಾಲನ್ ಡಬ್ಬದಿಂದ ಹಂಡೆಗೆ ನೀರು ಸುರಿದು ಕೋಲನ್ನು ಇಳಿಬಿಟ್ಟೆ. ನೀರು ಮುಟ್ಟಿದಲ್ಲಿ ಚಾಕುವಿನಿಂದ ಗೀರಿದೆ. ಹೀಗೆ ಎಂಟು ಗೀರು. ಆಮೇಲೆ ಆ ನೀರನ್ನೇ ಅಡುಗೆಮನೆಯ ಒಲೆಯ ಮೇಲೆ ಒಂದು ಗಂಟೆ ಕುದಿಸಿ ನೋಡಿದೆ. ಒಂದು ಗ್ಯಾಲನ್ ಆವಿಯಾಗಿತ್ತು. ನುಚ್ಚು ಎಷ್ಟು ನೀರು ಕುಡಿಯುತ್ತದೆಂದು ಒಂದು ಪೌಂಡು ನೆನೆಸಿ ಅಳೆದೆ. ಹಂಡೆಯ ತಳದಲ್ಲಿ ಉಳಿಯುವ ಚರಟಕ್ಕೆ ಅರ್ಧ ಗ್ಯಾಲನ್ ಬಿಟ್ಟೆ. ಎಲ್ಲ ಕೂಡಿದಾಗ ಏಳೂಮುಕ್ಕಾಲು ಗ್ಯಾಲನ್ ನೀರು ಬೇಕೆಂದು ಬಂತು. ಇವರು ಆರರಿಂದ ಶುರುಮಾಡುತ್ತಿದ್ದರು, ಪುಣ್ಯಾತ್ಮರು.

ಶನಿವಾರ ಬೆಳಿಗ್ಗೆ ಬಾರ್ಲಿ ನೆನೆಸಿ ಬಸಿದೆ. ಲೆಕ್ಕದ ಪ್ರಕಾರ ಆರೂವರೆ ಗ್ಯಾಲನ್ ಸಿಕ್ಕಿತು. ಹಿಗ್ಗಿಹೋದೆ. ಮನೆಯೊಳಗೆ ವಾಸನೆ ತುಂಬದಿರಲೆಂದು ಹಿತ್ತಲಲ್ಲಿ ಗ್ಯಾಸ್ ಒಲೆ ಹಚ್ಚಿ ಹಂಡೆ ಇಟ್ಟೆ. ಅರ್ಧ ಗಂಟೆ ಕುದಿದ ಮೇಲೆ ಕೋಲು ಇಳಿಬಿಟ್ಟರೆ ಐದೂವರೆ. ಅಲ್ಲಿ ಆರು ಇರಬೇಕಿತ್ತು. ಅಯ್ಯೋ ದೇವರೇ, ನಾನು ಅಳೆದದ್ದು ಅಡುಗೆಮನೆಯಲ್ಲಿ, ಕುದಿಸುತ್ತಿದ್ದದ್ದು ಬಯಲಿನಲ್ಲಿ, ಅದೂ ಎರಡರಷ್ಟು ಉರಿಯುವ ಒಲೆಯ ಮೇಲೆ. ಇದೇ ಓಟದಲ್ಲಿ ಹೋದರೆ ಚರಟ ಕಳೆದು ಕೈಗೆ ಸಿಗುವುದು ನಾಲ್ಕೇ ಗ್ಯಾಲನ್. ಲ್ಯಾಬಿನಲ್ಲಿ ಹುಡುಗರು ಇಂಥ ತಪ್ಪು ಮಾಡಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ.

ನಲ್ಲಿ ಎರಡು ಹೆಜ್ಜೆ ದೂರದಲ್ಲಿತ್ತು. ಯಾರೂ ನೋಡುತ್ತಿರಲಿಲ್ಲ. ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆಗ ಮೂಲೆಯಲ್ಲಿದ್ದ ನೆನೆದ ನುಚ್ಚು ಕಣ್ಣಿಗೆ ಬಿತ್ತು. ಏನನ್ನೂ ತಕ್ಷಣ ಎಸೆಯಲಾರದ ನನ್ನ ಬುದ್ಧಿಯಿಂದ ಅದಿನ್ನೂ ಅಲ್ಲೇ ಇತ್ತು. ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಸಿಹಿ ಇನ್ನೂ ಇತ್ತು. ಎರಡನೇ ಡಿಕಾಕ್ಷನ್ ತೆಗೆದರೆ ಹೇಗೆ? ಕಾಫಿ ಫಿಲ್ಟರಿನ ಪುಡಿಗೆ ಮತ್ತೊಮ್ಮೆ ಬಿಸಿನೀರು ಹುಯ್ದು ಇಳಿಸುತ್ತೇವಲ್ಲ, ಅದೇ. ಹಂಡೆಯ ಒಲೆ ಆರಿಸಿ, ನುಚ್ಚಿಗೆ ಒಂದೂವರೆ ಗ್ಯಾಲನ್ ಬಿಸಿನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಬಸಿದೆ. ಒಳಗೆ ಅನ್ನದ ದೊಡ್ಡ ಪಾತ್ರೆಯಲ್ಲಿ ಅದನ್ನು ಒಂದು ಗ್ಯಾಲನ್ನಿಗೆ ಇಳಿಯುವವರೆಗೆ ಬತ್ತಿಸಿ ತಂದು ಹಂಡೆಗೆ ಸೇರಿಸಿ, ಮತ್ತೆ ಒಲೆ ಹಚ್ಚಿ ಉಳಿದ ಅರ್ಧ ಗಂಟೆ ಕುದಿಸಿದೆ. ಒಲೆ ಆರಿಸಿದಾಗ ಕೋಲು ಐದು, ಆರರ ಗೀರುಗಳ ನಟ್ಟನಡುವಿನವರೆಗೆ ಒದ್ದೆಯಾಗಿತ್ತು. ಚರಟ ತಳದಲ್ಲಿ ಬಿಟ್ಟು ಬಸಿದುಕೊಂಡರೆ ಐದು ತುಂಬಿತು. ಸ್ಟರ್ಲಿಂಗಿನ ಆ ಹಿತ್ತಲಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕೆ.

ಆರಿಸಿ, ಯೀಸ್ಟ್ ಹಾಕಿಟ್ಟು, ಹುದುಗಿದ ಮೇಲೆ ಕೆಗ್‌ಗೆ ತುಂಬಿದೆ. ಆದರೂ ಮನಸ್ಸಿನಲ್ಲಿ ಒಂದು ಅಳುಕು ಉಳಿಯಿತು. ಎರಡನೇ ಡಿಕಾಕ್ಷನ್ ಮನೆಯವರಿಗೆ ನಡೆಯುತ್ತದೆ. ಬಂದವರಿಗೆ ಅದರಲ್ಲಿ ಕಾಫಿ ಕೊಟ್ಟರೆ ನಮ್ಮ ಕಡೆ ಅದಕ್ಕಿಂತ ಅವಮಾನವಿಲ್ಲ. ಹಾಗಾಗಿ ಶಾರ್ಲೆಟ್‌ನಿಂದ ಹಿಂತಿರುಗಿದ ಗಂಡನಿಗೂ ಹೇಳಲಿಲ್ಲ.

ಅವರು ತುಂಬಿದ ಪೀಪಾಯಿ ನೋಡಿ ಮೊದಲು ಕೇಳಿದ್ದೇ, "ನಲ್ಲಿ ನೀರು ಹಾಕಿದ್ಯಾ?" ಎಂದು.

"ನಿಮ್ಮ ಹಾಗೆ ಅಂದ್ಕೊಂಡ್ರಾ ನನ್ನ?" ಎಂದೆ. ಅವರು ನಂಬಲಿಲ್ಲ. ಎರಡು ದಿನ ನಾನು ಸರಿಯಾಗಿ ಮಾತಾಡಲಿಲ್ಲ.

ಪಿಕ್‌ನಿಕ್ ದಿನ ಸೆಂಟರ್‌ವಿಲ್‌ನ ಆ ಹಿರಿಯರು ಒಂದು ಗ್ಲಾಸ್ ತುಂಬಿಸಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಕುಡಿದರು. ಇನ್ನೊಂದು ಗ್ಲಾಸ್ ತುಂಬಿಸಿಕೊಂಡರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, ಎಷ್ಟು ನೀರಿನಿಂದ ಶುರುಮಾಡಿದೆ, ಕುದಿಯುವಾಗ ಎಷ್ಟು ಹೋಯಿತು ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. ಆಮೇಲೆ ಎಲ್ಲರಿಗೂ ಕೇಳಿಸುವಂತೆ, ಇದನ್ನು ಮಾಡಿದವಳು ನನ್ನ ಹೆಂಡತಿ, ನನಗೇನೂ ಗೊತ್ತಿಲ್ಲ, ಅವಳನ್ನೇ ಕೇಳಿ ಎಂದರು.

ನಾನು ಹೇಳಿದೆ. ನುಚ್ಚು ಕುಡಿದದ್ದು, ಆವಿಯಾದದ್ದು, ತಳದಲ್ಲಿ ಉಳಿದದ್ದು, ಎಲ್ಲ ಹೇಳಿದೆ. ಎರಡನೇ ಡಿಕಾಕ್ಷನ್ನಿನ ಹತ್ತಿರ ಬಂದು ನಿಂತೆ. ಮುಚ್ಚಿಟ್ಟರೆ ಐದು ಗ್ಯಾಲನ್ ತುಂಬಿಸಿದ್ದು ನಾನೇ ಎಂದು ಹೇಳಿಕೊಳ್ಳುವ ಹಕ್ಕು ನನಗಿರುವುದಿಲ್ಲ ಅನ್ನಿಸಿ ಅದನ್ನೂ ಹೇಳಿಬಿಟ್ಟೆ. ಆ ಹಿರಿಯರು ಕೈ ಎತ್ತಿ ನನ್ನನ್ನು ತಡೆದರು. ಅಲ್ಲಿದ್ದ ಇನ್ನಿಬ್ಬರನ್ನು ಕರೆದು, ಕುರ್ಚಿ ಎಳೆದು ಕೂರಿಸಿ, ಈಗ ಮೊದಲಿಂದ ಇನ್ನೊಮ್ಮೆ ಹೇಳು ಎಂದರು. ಹೇಳಿ ಮುಗಿದ ಮೇಲೆ, ತಮ್ಮ ಹಂಡೆಯಲ್ಲೂ ಪ್ರತಿ ಸಲ ಒಂದು ಗ್ಯಾಲನ್ ಮಾಯವಾಗುತ್ತದೆ, ಮುಂದಿನ ಶನಿವಾರ ಬಂದು ಅಳೆದುಕೊಡಲು ಆಗುತ್ತದೆಯೇ ಎಂದು ಕೇಳಿದರು.

ಹತ್ತು ಗಂಟೆಗೆ ಬರುತ್ತೇನೆ, ಹಂಡೆ ತೊಳೆದಿಟ್ಟಿರಿ ಎಂದೆ.

ಕಾರಿನಲ್ಲಿ ಗಂಡ, "ಶನಿವಾರ ನಾನೂ ಬರ್ಲಾ?" ಎಂದು ಮೆಲ್ಲಗೆ ಕೇಳಿದರು.

"ಬನ್ನಿ, ನೀರು ಹೊರೋಕೆ ಒಬ್ಬರು ಬೇಕು" ಎಂದೆ.