ಅಪ್‌ಡೇಟ್ ಆದ ಮೇಲೆ ಬದಲಾದ ಜೋಗುಳ

ಇವತ್ತು ಮಧ್ಯಾಹ್ನ ಹೊಸನಗರದಿಂದ ಸುಧಕ್ಕ ಬಂದಿದ್ರು ಕಣ್ರಪ್ಪ, ಸಾಗರದ ನನ್ನ ಪುಟ್ಟ ರೆಕಾರ್ಡಿಂಗ್ ರೂಮಿಗೆ. ಹೋದ ವರ್ಷ ತೀರಿಕೊಂಡ ಗೆಳೆಯ ರಘುವಿನ ಹೆಂಡತಿ. ಕೈಯಲ್ಲಿ ಅವನ ಲಿನಕ್ಸ್ ಲ್ಯಾಪ್‌ಟಾಪ್.

"ಮಗಳಿಗೆ ಅಂತ ಇವ್ರು ಮಾಡಿದ್ದ ಜೋಗುಳದ ಟ್ಯೂನ್ ಇದ್ರಲ್ಲಿದೆ. ದಿನಾ ಹಾಕ್ಕೊಂಡು ಕೇಳ್ತಿದ್ವಿ. ಈಗ ದನಿ ಬೇರೇನೇ ಬರ್ತಿದೆ, ನೋಡಿ."

ತೆರೆದು ನೋಡಿದೆ. ಸ್ವರಗಳೆಲ್ಲ ಹಾಗೇ ಇದ್ದವು. ಆದ್ರೆ ಅವನು ಬಳಸಿದ್ದ, ಕಂಪ್ಯೂಟರಿನಲ್ಲೇ ವಾದ್ಯದ ದನಿ ಹುಟ್ಟಿಸೋ ಸಿಂಥ್ ಪ್ಲಗಿನ್ ಅಪ್‌ಡೇಟ್ ಆಗಿ, ಅದರಲ್ಲಿ ಅವನೇ ಕೂತು ಹದ ಮಾಡಿದ್ದ ದನಿ ಅಳಿಸಿಹೋಗಿತ್ತು. ಆ ದನಿಯದ್ದಾಗಲಿ, ರೆಕಾರ್ಡ್ ಮಾಡಿಟ್ಟ ಜೋಗುಳದ್ದಾಗಲಿ ಬೇರೆ ಕಡೆ ಕಾಪಿ ಇರಲಿಲ್ಲ.

"ಅಪ್‌ಡೇಟ್ ಮಾಡಿ ಅಂತ ಬಂತು, ಒತ್ತಿಬಿಟ್ಟೆ. ನನ್ನಿಂದ್ಲೇ ಹೋಯ್ತಾ?"

"ಇಲ್ಲ ಅಕ್ಕ, ಒಂದಲ್ಲ ಒಂದಿನ ತಾನಾಗೇ ಆಗ್ತಿತ್ತು" ಅಂದೆ.

ಸಂಜೆವರೆಗೂ ಅದೂ ಇದೂ ತಿರುಗಿಸಿ, ನೆನಪಿದ್ದಷ್ಟು ಹತ್ತಿರದ ದನಿಯೊಂದನ್ನು ಮಾಡಿದೆ. ಸುಧಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿದ್ರು.

"ಚೆನ್ನಾಗಿದೆ. ಆದ್ರೆ ಇದು ನೀವು ಮಾಡಿದ್ದು, ಅಲ್ವಾ" ಅಂತ ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿ ಬಸ್ಸಿಗೆ ಹೊರಟ್ರು.

ಹೊಸ ವರ್ಷನ್‌ನಲ್ಲಿ ದನಿ ಮೊದಲಿಗಿಂತ ಚೆನ್ನಾಗಿದೆ ಅಂತ ಪ್ಲಗಿನ್ ಮಾಡಿದವರು ಬರೆದುಕೊಂಡಿದ್ದಾರೆ. ಇರಬಹುದು ಸ್ವಾಮಿ, ಇರಬಹುದು.