ಎಣ್ಣೆ ತೊಳೆದ ಕಲ್ಲಿನ ಋಣ

ಹೊಸಕೋಟೆ, ದೇವನಹಳ್ಳಿ ತಾಲ್ಲೂಕುಗಳ ಹೊಲದ ಬದುಗಳಲ್ಲಿ ಬಿದ್ದಿರುವ ವೀರಗಲ್ಲು, ಮಾಸ್ತಿಕಲ್ಲುಗಳ ಬಗ್ಗೆ ಇಂದು ಯಾರಾದರೂ ನಾಲ್ಕು ಮಾತು ತಿಳಿದು ಆಡುತ್ತಿದ್ದಾರೆಂದರೆ, ಅವರು ಒಂದಲ್ಲ ಒಂದು ದಿನ ಶ್ರೀಮತಿ ಗಂಗಲಕ್ಷ್ಮಮ್ಮನವರ ಹಿಂದೆ ಬಿಸಿಲಲ್ಲಿ ನಡೆದವರೇ ಆಗಿರುತ್ತಾರೆ. ಸೂಲಿಬೆಲೆಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ಈಗ ನಿವೃತ್ತರಾಗುತ್ತಿರುವ ಇವರು, ಮೂಡಲ ಸೀಮೆ ಪುರಾತತ್ವ ಮತ್ತು ಮಾನವಶಾಸ್ತ್ರ ಆಸಕ್ತರ ಬಳಗವನ್ನು ಕಟ್ಟಿ ಬೆಳೆಸಿದವರು. ಅಭಿನಂದನೆಯ ಹೊತ್ತಿಗೆ ಸಂತೋಷ ಇರಬೇಕು; ಆದರೆ ಅವರ ಮುಖದಲ್ಲಿ ಅದು ಕಾಣದೆ ಬಹಳ ಕಾಲವಾಯಿತು, ಏಕೆಂದು ಬಳಗದವರಿಗೆಲ್ಲ ಗೊತ್ತು.

ಬಳಗ ಸೇರಲು ಅರ್ಜಿಯಿಲ್ಲ, ಶುಲ್ಕವಿಲ್ಲ. ಸೇರುವವರು ತಮ್ಮೂರಿನ ಒಂದು ಹಳೆಯ ಕಲ್ಲನ್ನು ಎಲ್ಲರಿಗೂ ತೋರಿಸಬೇಕು, ತೆಂಗಿನ ನಾರಿನಿಂದ ಅದನ್ನು ತೊಳೆಯಬೇಕು, ಅಲ್ಲೇ ಕೂತು ಅದರ ಕತೆ ಹೇಳಬೇಕು. ಅಂದಿನಿಂದ ಆ ಕಲ್ಲಿನ ಕಾವಲು ಅವರದು. ಈ ಪದ್ಧತಿ ಗಂಗಲಕ್ಷ್ಮಮ್ಮನವರದೇ. ಬ್ಯಾಂಕ್ ನೌಕರ ಅಂಬರೀಶ್ ಸೇರಲು ಬಂದು ಮಾತು ತಡವರಿಸಿದಾಗ, "ಕಲ್ಲಿಗೇನೂ ಅವಸರ ಇಲ್ಲ ಕಣಪ್ಪ, ನಿಧಾನಕ್ಕೆ ಹೇಳು" ಎಂದು ತಮ್ಮ ಬುತ್ತಿಯ ಮೊಸರನ್ನವನ್ನು ಅವರ ಮುಂದಿಟ್ಟವರು ಇವರು.

ಅಂಬರೀಶ್ ಅಂದು ತೋರಿಸಿದ್ದು, ಅವರೂರಿನ ಕದಿರಮ್ಮನವರು ಪ್ರತಿ ಮಂಗಳವಾರ ಎಣ್ಣೆ ಎರೆದು ಅರಿಶಿನ ಹಚ್ಚುತ್ತಿದ್ದ ಬದುವಿನಮ್ಮನೆಂಬ ಹೊಲದ ಕಲ್ಲನ್ನು. ತಲೆಮಾರುಗಳ ಜಿಡ್ಡು ಕಪ್ಪಗೆ ಗಟ್ಟಿಯಾಗಿ ಮುಖವೇ ಕಾಣುತ್ತಿರಲಿಲ್ಲ. ಕದಿರಮ್ಮನವರು ಮಗಳ ಮನೆಗೆ ಹೋಗಿದ್ದ ಆ ದಿನ ಬಳಗ ಅದನ್ನು ತಿಕ್ಕಿ ತೊಳೆಯಿತು. ಕೆಳಗಿದ್ದದ್ದು ಅಮ್ಮನಲ್ಲ, ಕತ್ತಿ ಹಿಡಿದು ದನಗಳ ಮುಂದೆ ನಿಂತ ವೀರ. ಗಂಗಲಕ್ಷ್ಮಮ್ಮನವರು ಮಗುವಿನ ಹಾಗೆ ಹಿಗ್ಗಿ, ಇದು ದೇವಿಯಲ್ಲ, ಊರ ದನ ಬಿಡಿಸಿಕೊಳ್ಳಲು ಹೋಗಿ ಮಡಿದವನ ಕಲ್ಲು ಎಂದು ನೆರೆದವರಿಗೆಲ್ಲ ವಿವರಿಸಿದರು. ಅಯ್ಯೋ, ಎಂಥ ಕೆಲಸವಾಯಿತು! ಊರಿಗೆ ಇದ್ದ ಭಯ ಹೋಯಿತು. ಆ ಹೊಲ ಲೇಔಟಾಗುವಾಗ, ಕಾವಲಿನ ಅಂಬರೀಶ್ ಬ್ಯಾಂಕಿನಲ್ಲಿದ್ದ ಹೊತ್ತಿನಲ್ಲಿ, ಅಮ್ಮನ ಕಲ್ಲೆಂದು ಜೆಸಿಬಿಯವನೇ ಹಿಂಜರಿದರೆ, ಪಕ್ಕದಲ್ಲಿ ನಿಂತವರು, "ದೇವ್ರಲ್ವಂತೆ ಗುರು, ಟೀಚರಮ್ಮನೇ ಹೇಳವ್ರೆ, ಎತ್ತಾಕು" ಎಂದರು. ಮಣ್ಣಿನ ಲಾರಿ ಏರಿದ ಕಲ್ಲು ಯಾವ ಹಳ್ಳಕ್ಕೆ ಬಿತ್ತೋ ತಿಳಿಯಲಿಲ್ಲ.

ಪೂಜೆ ಮಾಡುವವರನ್ನು ಕೇಳದೆ ಯಾವ ಕಲ್ಲನ್ನೂ ಮುಟ್ಟಕೂಡದೆಂಬ ಕಟ್ಟಳೆ ಬಳಗಕ್ಕೆ ಬಂದದ್ದು ಆಮೇಲೆ. ಗಂಗಲಕ್ಷ್ಮಮ್ಮನವರು ರಜೆ ಸಿಕ್ಕಾಗಲೆಲ್ಲ ಮಣ್ಣು ಸುರಿದ ಕಡೆಯಲ್ಲೆಲ್ಲ ಅಲೆದರು. ಕದಿರಮ್ಮನವರ ಬಾಗಿಲಿಗೂ ಎಷ್ಟೋ ಸಲ ಹೋದರು. ಆಕೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ತಮ್ಮ ವಿದ್ಯೆಯಿಂದ ಒಬ್ಬರಿಗೆ ದೇವರೇ ಇಲ್ಲದಂತಾಯಿತೆಂಬ ಕೊರಗಿನಲ್ಲಿ, ಆಕೆಯ ಒಂದು ಮಾತು ಕೇಳದೆ ನಿವೃತ್ತಿಯಾಗುವೆನೇ ಎಂದು ಅವರು ಹಣ್ಣಾಗಿಹೋದರು.

ಹೋದ ತಿಂಗಳು ಕದಿರಮ್ಮನವರು ತಾವಾಗಿ ಸಭೆಗೆ ಬಂದು, ಬಳಗ ಸೇರುತ್ತೇನೆಂದರು. ಎಲ್ಲರನ್ನೂ ಕರೆದೊಯ್ದದ್ದು ಹಿಂದೆ ಬದುವಿನಮ್ಮ ಇದ್ದ ಜಾಗಕ್ಕೆ, ಈಗಿನ ಲೇಔಟಿನ ಟಾರು ರಸ್ತೆಯ ಪಕ್ಕಕ್ಕೆ. ಅಲ್ಲಿ ಕಲ್ಲಿರಲಿಲ್ಲ. ತಂದಿದ್ದ ಎಣ್ಣೆಯನ್ನು ಬರಿ ನೆಲಕ್ಕೆ ಎರೆದು, ಅಲ್ಲೇ ಕೂತು, ತಮ್ಮ ಅತ್ತೆಯಿಂದ ಕೇಳಿದ್ದ ಅಮ್ಮನ ಕತೆಯನ್ನು ಪೂರ್ತಿ ಹೇಳಿದರು. ಗಂಗಲಕ್ಷ್ಮಮ್ಮನವರು ಅಳುತ್ತಲೇ ಕೈಮುಗಿದರು.

"ತಪ್ಪಾಯ್ತು ತಾಯಿ. ರಿಟೈರ್ ಆಗ್ತಿದೀನಿ, ಕ್ಷಮಿಸ್ಬಿಡಿ."

ಕದಿರಮ್ಮನವರು ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡರು. "ಇಸ್ಕೂಲಿಂದ ರಿಟೇರ್ ಆಗೋಗಿ ಟೀಚರಮ್ಮ. ನಮ್ಮಮ್ಮ ಸಿಗೋಗಂಟ ನೀವು ಸಾಯಂಗಿಲ್ಲ."

ಬಳಗದ ಹಾರೈಕೆಯೂ ಅದೇ. ಗಂಗಲಕ್ಷ್ಮಮ್ಮನವರ ಕಣ್ಣು, ಕಾಲು ಗಟ್ಟಿಯಾಗಿರಲಿ. ಬರುವ ಮಂಗಳವಾರ ನಲ್ಲೂರಿನಾಚೆ ಸುರಿದಿರುವ ಮಣ್ಣುಗುಡ್ಡೆಗೆ ಹೋಗುವುದಿದೆ. ಎಣ್ಣೆ ಬಟ್ಟಲು ಹಿಡಿದು ಕದಿರಮ್ಮನವರೂ ಬರುತ್ತಾರೆ.